ಗುಡಿಸಿ ಸಾರಿಸಿ ಕಳಿಸಿದ ರಕ್ತ

ಪ್ರಾಂತೀಯ ರಕ್ತಪರೀಕ್ಷಾ ಕೇಂದ್ರದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನನ್ನ ಮೊಮ್ಮಗಳು ಓಯ್ದಿನ್‌ಗೆ ಎಂಟು ವರ್ಷ. ತೂಕ ಹದಿನಾರು ಕಿಲೋ. ಗೋಧಿ ತಿಂದರೆ ಕರುಳೇ ಕೆಡುವ ಸೀಲಿಯಾಕ್ ಕಾಯಿಲೆ ಅವಳಿಗೆ ಇಲ್ಲವೆಂದು ತಮ್ಮ ಕಚೇರಿ ಸೀಲು ಒತ್ತಿ ಕೊಟ್ಟಿದೆ. ಆ ಕಾಗದ ಸುಳ್ಳು. ಸುಳ್ಳು ಹೇಳಿದವರು ತಾವಲ್ಲ, ತಮ್ಮ ಯಂತ್ರವೂ ಅಲ್ಲ. ನಾನು! ಆದರೆ ಮಹಾಸ್ವಾಮಿ, ನನ್ನ ಆ ನಾಟಕಕ್ಕೆ ರಂಗ ಕಟ್ಟಿ, ದೀಪ ಹಚ್ಚಿ, ಪರದೆ ಎಳೆದವರು ತಾವು.

ಮೂವತ್ತು ವರ್ಷ ರಂಗದ ಮೇಲೆ ರಾಜನಾಗಿ ಮೆರೆದವನು ನಾನು. ನಾನು ಗುಡುಗಿದರೆ ಕೊನೆಯ ಸಾಲಿನಲ್ಲಿ ನಿದ್ದೆ ಹೋದವರು ಎದ್ದು ಕೂರುತ್ತಿದ್ದರು. ಈಗ ಮದುವೆಮನೆಗಳಲ್ಲಿ ನಿಂತು ವಧೂವರರನ್ನು ಹರಸುವ ಕೆಲಸ. ಹೋದ ವರ್ಷ ಹಾಗೆ ಹರಸುತ್ತಲೇ ಕುಸಿದುಬಿದ್ದೆ. ಜನ ಅಭಿನಯವೆಂದುಕೊಂಡು ಚಪ್ಪಾಳೆ ತಟ್ಟಿದರು. ನಮ್ಮ ಬಡಾವಣೆಯ ಡಾಕ್ಟರಮ್ಮ ಮಾತ್ರ ತಟ್ಟಲಿಲ್ಲ. ಮೈಯಲ್ಲಿ ರಕ್ತ ಕಮ್ಮಿಯಾಗಿದೆ, ಸೀಲಿಯಾಕ್ ಇರಬಹುದು, ರಕ್ತದಲ್ಲಿ ಪ್ರತಿಕಾಯಗಳಿವೆಯೇ ನೋಡಿಸಿ ಎಂದು ಚೀಟಿ ಬರೆದರು.

ತಮ್ಮ ಬಾಗಿಲ ಫಲಕದಲ್ಲಿ ಇದ್ದದ್ದು ಒಂದೇ ಸಾಲು: ‘ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರುವುದು.’ ನೆಂಟರು ಬರುತ್ತಾರೆಂದರೆ ಬೀದಿಯವರೆಗೂ ಗುಡಿಸಿ ನೀರು ಚಿಮುಕಿಸುವ ಜನ ನಾವು. ನನ್ನ ರಕ್ತ ಸರ್ಕಾರದ ಮುಂದೆ ಧೂಳು ಮೆತ್ತಿಕೊಂಡು ನಿಲ್ಲುವುದೇ? ಮೂರು ತಿಂಗಳು ಗೋಧಿ ಬಿಟ್ಟೆ! ರೊಟ್ಟಿ ಇಲ್ಲ, ಸಮೋಸಾ ಇಲ್ಲ, ಬರೀ ಪುಲಾವು, ಹೆಸರುಕಾಳಿನ ಗಂಜಿ.

“ರೀ, ಹೀಗೆ ಬಿಡಿ ಅಂತ ಡಾಕ್ಟರಮ್ಮ ಹೇಳಿದ್ರಾ?” ಎಂದಳು ನನ್ನ ಹೆಂಡತಿ ಇನೋಯತ್.

“ಹೇಳೋದೇನು ಬಂತು? ನಿಂಗೇನು ಗೊತ್ತು ಕಚೇರಿ ಮರ್ಯಾದೆ!”

ಫಲಿತಾಂಶ ಬಂತು. ರಕ್ತ ನಿರ್ಮಲ. “ಶುಭಾಶಯ ಅಣ್ಣ, ನಿಮಗೇನೂ ಇಲ್ಲ,” ಎಂದ ತಮ್ಮ ಗುಮಾಸ್ತ. ಆ ಕಾಗದವನ್ನು ಚಹಾದಂಗಡಿಯಲ್ಲಿ ಮೂರು ಸಲ ರಾಜಾಜ್ಞೆಯ ಧಾಟಿಯಲ್ಲಿ ಓದಿದೆ. “ಮೂರು ತಿಂಗಳು ರೊಟ್ಟಿ ಬಿಡ್ರಯ್ಯಾ, ಎಲ್ಲರೂ ಪಾಸು!” ಎಂದು ಸಾರಿದೆ. ಪಾಸಂತೆ! ಕಾಯಿಲೆಯೇನು ಏಳನೇ ಕ್ಲಾಸೇ? ಈ ಮೂರ್ಖನ ಮಾತನ್ನು ಊರಲ್ಲಿ ನಂಬಿದವಳು ಒಬ್ಬಳೇ, ನನ್ನ ಮಗಳು, ಓಯ್ದಿನ್‌ಳ ತಾಯಿ. ಬೆಳೆಯದ ಓಯ್ದಿನ್‌ಗೂ ಡಾಕ್ಟರಮ್ಮ ಅದೇ ಪರೀಕ್ಷೆಗೆ ಚೀಟಿ ಬರೆದಿದ್ದರು. ಮಗಳು ಮೂರು ತಿಂಗಳು ಮಗುವಿನ ರೊಟ್ಟಿ ನಿಲ್ಲಿಸಿದಳು, ಜೊತೆಗೆ ನಾನೂ ಮುಟ್ಟಲಿಲ್ಲ. ಮಗುವೂ ‘ಪಾಸಾಯಿತು’. ಆ ಖುಷಿಗೆ ನಾನೇ ತಂದೂರಿನಿಂದ ಬಿಸಿಬಿಸಿ ರೊಟ್ಟಿ ತಂದು ಇಬ್ಬರೂ ತಿನ್ನತೊಡಗಿದೆವು. ವಾರದೊಳಗೆ ಹೊಟ್ಟೆ ಹಿಡಿದುಕೊಂಡು ಇಬ್ಬರೂ ಡಾಕ್ಟರಮ್ಮನ ಮುಂದೆ.

ಆಕೆ ನಗಲೂ ಇಲ್ಲ, ಬೈಯಲೂ ಇಲ್ಲ. “ತಾತ, ಪ್ರತಿಕಾಯ ಅಂದ್ರೆ ಗೋಧಿ ಒಳಗೆ ಬಂದಾಗ ಕೂಗೋ ಕಾವಲುಗಾರ. ಕಳ್ಳನನ್ನ ನೀವೇ ಊರು ದಾಟಿಸಿ, ಕಾವಲುಗಾರ ಕೂಗಲಿಲ್ಲ, ಕಳ್ಳರೇ ಇಲ್ಲ ಅಂತ ಡಂಗುರ ಹೊಡೆದ್ರಲ್ಲ! ರೊಟ್ಟಿ ತಿಂತಾ ಇರೋವಾಗಲೇ ರಕ್ತ ಕೊಡಬೇಕಿತ್ತು.”

“ಮೂವತ್ತು ವರ್ಷ ಇನ್ನೊಬ್ಬರು ಬರೆದ ಮಾತು ಆಡಿದ್ರಿ, ಏನೂ ಆಗಲಿಲ್ಲ,” ಎಂದಳು ಇನೋಯತ್. “ಈ ಸಲ ಸ್ವಂತದ್ದು ಆಡಿದ್ರಿ ನೋಡಿ, ಮಗು ತಲೆ ಮೇಲೆ ಬಿತ್ತು.”

ತಮ್ಮ ಕಚೇರಿಗೆ ಓಡಿದೆ. ಒಮ್ಮೆ ಫಲಿತಾಂಶ ಕೊಟ್ಟರೆ ಒಂದು ವರ್ಷ ಮರುಪರೀಕ್ಷೆ ಇಲ್ಲವಂತೆ, ನಿಯಮವಂತೆ. ಕಾಯಿಲೆ ಇದೆಯೆಂಬ ತಮ್ಮ ಕಾಗದ ನೋಡದೆ ಶಾಲೆಯ ಅಡುಗೆಯವಳು ಗೋಧಿಯಿಲ್ಲದ ಅಡುಗೆಗೆ ಬೇರೆ ಪಾತ್ರೆ ಇಡುವುದಿಲ್ಲ. ಡಾಕ್ಟರಮ್ಮ ಹೇಳುವುದು: ತನ್ನ ಕಣ್ಗಾವಲಿನಲ್ಲಿ ಆರು ವಾರ ದಿನವೂ ರೊಟ್ಟಿ ತಿನ್ನಿಸಿ, ಆಮೇಲೆ ರಕ್ತ ತೆಗೆಸಬೇಕು. ಆರು ವಾರ ಸರಿ. ತಮ್ಮ ನಿಯಮಕ್ಕಾಗಿ ಒಂದು ವರ್ಷ ತಿನ್ನಬೇಕೇ, ಮಾನ್ಯರೇ? ರಕ್ತಕ್ಕೆ ತಮ್ಮ ಪಂಚಾಂಗ ಓದಲು ಬರುತ್ತದೆಯೇ?

ತಮ್ಮನ್ನು ನಂಬಿ ಶುರು ಮಾಡಿದ್ದೇವೆ. ನಿನ್ನೆಗೆ ಹತ್ತೊಂಬತ್ತು ದಿನ. ಪ್ರತಿ ಬೆಳಿಗ್ಗೆ ಒಂದು ರೊಟ್ಟಿ ಮುರಿದು ಅರ್ಧ ಅವಳಿಗೆ, ಅರ್ಧ ನನಗೆ. ಇವತ್ತು ಹೊಟ್ಟೆ ಒತ್ತಿಕೊಂಡೇ ಕೇಳಿದಳು:

“ತಾತ, ಇನ್ನೆಷ್ಟು ರೊಟ್ಟಿ?”

“ಇಪ್ಪತ್ಮೂರು.”

“ಕೇಳಿಸ್ಲಿಲ್ಲ. ಜೋರಾಗಿ ಹೇಳು ತಾತ.”

ಕೊನೆಯ ಸಾಲಿಗೆ ತಲುಪುತ್ತಿದ್ದ ಕಂಠ, ಮಾನ್ಯರೇ, ಮೊಣಕಾಲಿಗೆ ಒರಗಿ ಕೂತ ಮಗುವಿಗೆ ತಲುಪಲಿಲ್ಲ.

ಆದ್ದರಿಂದ, ಉಳಿದ ಇಪ್ಪತ್ತಮೂರೂ ರೊಟ್ಟಿ ಮುಗಿದ ಮರುದಿನ ಓಯ್ದಿನ್‌ಳ ರಕ್ತ ತೆಗೆದುಕೊಳ್ಳಿ. ನನ್ನದು ಬೇಕಾದರೆ ವರ್ಷ ಕಾಯಲಿ. ಫಲಕದಲ್ಲಿ ಇನ್ನೊಂದು ಸಾಲು ಬರೆಸಿ: ‘ಸೀಲಿಯಾಕ್ ಪರೀಕ್ಷೆಗೆ ಮುಂಚೆ ರೊಟ್ಟಿ ಬಿಡಬೇಡಿ.’ ಬರೆಸುವವರೆಗೆ ದಿನಾ ಬೆಳಿಗ್ಗೆ ತಮ್ಮ ಬಾಗಿಲಲ್ಲಿ ನಿಂತು ಆ ಸಾಲನ್ನು ನಾನೇ ಕೂಗುತ್ತೇನೆ. ಅದು ನನ್ನದಲ್ಲ, ಡಾಕ್ಟರಮ್ಮ ಬರೆದುಕೊಟ್ಟ ಮಾತು, ತಪ್ಪಾಗಲಾರದು.

ಇಂತಿ,
ಕಳ್ಳನಿಗೆ ದಾರಿಬುತ್ತಿ ಕಟ್ಟಿಕೊಟ್ಟ ಮಾಜಿ ಮಹಾರಾಜ,
ಓಯ್ದಿನ್‌ಳ ತಾತ ಸೋಟ್‌ವೋಲ್ದಿ,
ಫರ್ಗಾನಾ ಕಣಿವೆ