ಬಾಗಿಲ ಸಂದು

ಮಾರ್ಚ್ 4, ಮಧ್ಯಾಹ್ನ

ಸ್ಟ್ಯಾಂಡ್ ಮೇಲೆ ಎತ್ತಿಟ್ಟ ಕೆಂಪು ಕಾರಿನ ಬಾಗಿಲು ಇವತ್ತೂ ಕೂರಲಿಲ್ಲ. ಹಿಂದಿನ ಸಂದು ಮೇಲೆ ಬೆರಳು ತೂರುವಷ್ಟು, ಕೆಳಗೆ ಕಾಗದವೂ ತೂರದು. ಹಿಂಜ್ ಬೋಲ್ಟು ಸಡಿಲಿಸಿ, ಬಾಗಿಲನ್ನು ಅಡಿಯಿಂದ ಜಾಕ್ ಕೊಟ್ಟು ಎತ್ತಿದೆ. ಮುಚ್ಚಿದರೆ — ಅದೇ ಸೊಟ್ಟ ಮೂತಿ.

ನನ್ನ ಕೆಲಸ ಪೇಂಟು. ಬಾಗಿಲು ಕೂರಿಸೋದು ಇವರದ್ದು, ನನ್ನ ಯಜಮಾನರದ್ದು. ಸ್ಟ್ರೋಕ್ ಆದಮೇಲೆ ಬಲಗೈ ಹೋಯಿತು, ಪದಗಳು ಕಲಸಿಹೋದವು. ಚಮಚ ಬೇಕಾದರೆ ಬಾಚಣಿಗೆ ಅಂತಾರೆ. ಆದರೂ ದಿನಾ ಗ್ಯಾರೇಜಿಗೆ ಕರಕೊಂಡು ಬರ್ತೀನಿ. ಕುರ್ಚಿ ಹಾಕಿ, ಸ್ಟೂಲ್ ಮೇಲೆ ಕಾಲು ಚಾಚಿಸ್ತೀನಿ.

"ಕಾಲು... ಇಳಿಸು" ಅಂದರು. ಇಳಿಸಿದೆ. ಇವರಿಗೆ ಸಿಟ್ಟು ಬಂತು. ಮತ್ತೆ ಎತ್ತಿಟ್ಟೆ. ಇನ್ನೂ ಸಿಟ್ಟು.

ಮಾರ್ಚ್ 6

ನಾದಿನಿ ಬಂದಿದ್ದಳು. "ಅಣ್ಣನಿಗೆ ಇನ್ನೇನೂ ತಿಳಿಯಲ್ಲ ಅತ್ತಿಗೆ. ಮಗು ಅಂದ್ಕೊಂಡು ನೋಡ್ಕೊಳ್ಳಿ." ಇವರ ಎದುರಿಗೇ. ನನಗೂ ಹೌದೇನೋ ಅನ್ನಿಸಿತ್ತು...

ಮಾರ್ಚ್ 11

ಬೆಳಿಗ್ಗೆಯಿಂದ ಕಾಲು, ಕಾಲು. ನಾನು ರೇಗಿದೆ — "ನಿಮ್ಮ ಕಾಲಿಗೆ ಏನ್ರೀ ಆಗಿದೆ!"

ಊರುಗೋಲು ಎತ್ತಿ ಕಾರಿನಡಿಯ ಸ್ಟ್ಯಾಂಡಿಗೆ ಕುಟ್ಟಿದರು. "ಕಾಲು! ಇಳಿಸು!"

ಆಗ ಹೊಳೆಯಿತು. ಇವರ ಕಾಲಲ್ಲ. ಕಾರಿನ ಕಾಲು. ಚಕ್ರ. ಛಾವಣಿ ಇಲ್ಲದ ಕಾರು, ಸ್ಟ್ಯಾಂಡ್ ಮೇಲಿಟ್ಟರೆ ಮೈಯೇ ಬಾಗುತ್ತೆ. ಚಕ್ರದ ಮೇಲೆ ನಿಲ್ಲಿಸಿಯೇ ಬಾಗಿಲು ಹೊಂದಿಸಬೇಕು.

ಇಳಿಸಿದೆ. ಸಂದು ಅರ್ಧ ತಾನಾಗಿಯೇ ಸರಿಹೋಯಿತು. ಉಳಿದದ್ದಕ್ಕೆ ಹಿಂಜ್ ಸ್ವಲ್ಪ ಸರಿಸಿದೆ. ಮೆಲ್ಲಗೆ ತಳ್ಳಿದೆ. ಟಕ್. ಅಷ್ಟೇ ಸದ್ದು.

ಅರ್ಧ ಮುಖದಲ್ಲಿ ನಕ್ಕರು. ನಾನು ಬಾಗಿಲ ಹಿಂದೆ ಕೂತು ಅತ್ತೆ. ಈ ಮನುಷ್ಯ ಎಲ್ಲೂ ಹೋಗಿರಲಿಲ್ಲ. ಇಷ್ಟು ದಿನ ಇಲ್ಲೇ ಕೂತು ಕೂಗ್ತಿದ್ದರು.

ಮಾರ್ಚ್ 19

ಇವರ ಭಾಷೆ ಕಲೀತಿದ್ದೀನಿ. ಕಿಟಕಿ ಅಂದರೆ ಕನ್ನಡಕ. ಸೋಮವಾರ ಅಂದರೆ ಟೀ. ನನ್ನನ್ನು "ಪ್ರೈಮರ್" ಅಂತ ಕರೀತಾರೆ, ಬಣ್ಣಕ್ಕೆ ಮೊದಲು ಬಳಿಯೋ ಪದರದ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರಿಗಿಂತ ವಾಸಿ.

ನಾದಿನಿಗೆ ಫೋನ್ ಮಾಡಿ ಹೇಳಿದೆ — ನಿಮ್ಮಣ್ಣ ಮಗು ಅಲ್ಲ ಕಣೇ, ಮೇಸ್ತ್ರಿ.

ಏಪ್ರಿಲ್ 21, ಆಸ್ಪತ್ರೆ

ಮತ್ತೆ ಸ್ಟ್ರೋಕ್. ಈ ಸಲ ಗಂಟಲೂ ಹೋಯಿತು, ನುಂಗೋಕಾಗಲ್ಲ. ಮೂಗಿಗೆ ಟ್ಯೂಬ್ ಹಾಕಿದ್ದಾರೆ, ಊಟ ಅದರಲ್ಲೇ. ಕಾರಿನವರು ಗಾಡಿ ತಗೊಂಡು ಹೋದರಂತೆ. ನಾನು ಇರಲಿಲ್ಲ.

ಏಪ್ರಿಲ್ 24, ಬೆಳಿಗ್ಗೆ

ಇವರ ಬಾಯಿಂದ ಮಾತು ಬಂತು. ಒಂದೇ. "ಸಾಕು."

ಫ್ಯಾನ್ ಸಾಕಾ ಅಂದೆ. ಅಲ್ಲ. ಹಾಸಿಗೆ ಎತ್ತರಿಸಿದ್ದು? ಅಲ್ಲ. ನರ್ಸ್ ಹೇಳಿದಳು, "ಬಿಡಿ ಅಮ್ಮಾ, ಬಾಯಿಗೆ ಬಂದದ್ದು ಏನೋ ಒಂದು ಹೇಳ್ತಾರೆ."

ಎಡಗೈ ಎತ್ತಿ ಟ್ಯೂಬ್ ಮುಟ್ಟಿದರು. ನನ್ನನ್ನೇ ನೋಡ್ತಾ. "ಪ್ರೈಮರ್... ಸಾಕು."

ಈ ಸಲ ಪದ ತಪ್ಪಿರಲಿಲ್ಲ. ಗೊತ್ತಾಯಿತು. ಗೊತ್ತಾಗಿಯೂ ನಾನು — ಟೀ ಬೇಕೇನ್ರೀ ಅಂತ ಕೇಳಿದೆ.