ಬಂಜಾರಾ ಹಿಲ್ಸಿನ ಜಪಾನಿ ಊಟ

ಕಾಚಿಗುಡ, ಹೈದರಾಬಾದ್
ಬುಧವಾರ, ೨೩ ಜುಲೈ ೨೦೦೮

ಪ್ರೀತಿಯ ಕುಮುದಾ ವೈನಿಯವರಿಗೆ,

ಸಂಪದಾಳ ನಮಸ್ಕಾರ. ಕೈ ಹೇಗಿದೆ? ಪ್ಲಾಸ್ಟರ್ ತೆಗೆದರೇ? ಬೆರಳು ಪೂರ್ತಿ ಮಡಚಲು ಬರುತ್ತದೆಯೇ? ಬೀದರಿನಲ್ಲಿ ಮಳೆ ಜೋರಂತೆ. ಕಿಟಕಿಯ ಹತ್ತಿರ ಮಲಗಬೇಡಿ, ಮುರಿದ ಎಲುಬಿಗೆ ತಂಡಿ ಆಗದು. ಇಲ್ಲಿ ಅವ್ವನ ಮಂಡಿನೋವು ಇದ್ದ ಹಾಗೇ ಇದೆ. ಅಪ್ಪ ನಿವೃತ್ತರಾಗಿ ಇಷ್ಟು ವರ್ಷವಾದರೂ ಇಸ್ತ್ರಿ ಅಂಗಿ ಹಾಕದೆ ಪೇಪರ್ ಓದಲು ಕೂಡುವುದಿಲ್ಲ, ನೀವು ನಗುತ್ತಿದ್ದಿರಂತಲ್ಲ, ಅದೂ ಹಾಗೇ ಇದೆ. ನೀವು ತವರಿಗೆ ಹೋದ ಮೇಲೆಯೇ ನಾನು ಪುಣೆಯ ಕೆಲಸ ಬಿಟ್ಟು ಇಲ್ಲಿಗೆ ಬಂದದ್ದು. ಹಾಗಾಗಿ ನನಗೆ ಹೇಳಿದ್ದಷ್ಟೇ ನನಗೆ ಗೊತ್ತಿತ್ತು: ವೈನಿ ಬಚ್ಚಲಿನಲ್ಲಿ ಜಾರಿ ಬಿದ್ದರು, ಕೈ ಮುರಿಯಿತು, ಆರೈಕೆಗೆ ಬೀದರಿಗೆ ಹೋದರು. ಓಣಿಯವರು ಕೇಳಿದರೆ ಅವ್ವ "ಆಷಾಢ ಅಲ್ಲೇನ್ರಿ, ತವರಿಗೆ ಹೋಗ್ಯಾಳ" ಎನ್ನುತ್ತಾಳೆ. ಸೋಮವಾರದಿಂದ ನಿಮಗೆ ಫೋನ್ ಮಾಡುತ್ತಲೇ ಇದ್ದೇನೆ. ಪ್ರತಿ ಸಲವೂ ನಿಮ್ಮ ಅಪ್ಪನೇ ಎತ್ತಿ "ಮಲಗ್ಯಾಳವಾ" ಎಂದು ಇಟ್ಟುಬಿಡುತ್ತಾರೆ. ಅದಕ್ಕೇ ಈ ಕಾಗದ. ಇದನ್ನು ತರುತ್ತಿರುವ ಶಿವದೇವಿ ಧಾರವಾಡದಲ್ಲಿ ನನ್ನ ಜೊತೆ ಓದಿದವಳು, ಈಗ ಗುಲ್ಬರ್ಗಾದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವಾರ್ಡನ್. ಇಲ್ಲಿಗೆ ಬಂದಿದ್ದಾಳೆ, ಇಂದು ಮಧ್ಯಾಹ್ನ ಊರಿಗೆ ಮರಳುವಾಗ ಬೀದರಿನಲ್ಲಿ ಇಳಿದು ನಿಮ್ಮ ಕೈಗೇ ಕೊಡುತ್ತೇನೆ ಎಂದಿದ್ದಾಳೆ.

ಭಾನುವಾರ ಏನಾಯಿತೆಂದು ನಿಮ್ಮ ಮನೆಗೆ ಒಂದು ಸುದ್ದಿ ಬಂದಿರಬಹುದು. ಅದು ಅಪ್ಪ ಹೇಳಿದ ಸುದ್ದಿ. ನಾನು ಕಂಡದ್ದನ್ನು ಬರೆಯುತ್ತೇನೆ.

ಅಣ್ಣ ಮ್ಯಾನೇಜರ್ ಆದ ಖುಷಿಗೆ ಬಂಜಾರಾ ಹಿಲ್ಸಿನಲ್ಲಿ ಹೊಸದಾಗಿ ತೆರೆದ ಜಪಾನಿ ಹೋಟೆಲಿಗೆ ಮಧ್ಯಾಹ್ನದ ಊಟಕ್ಕೆ ಕರೆದುಕೊಂಡು ಹೋದ. ನಾನು, ಅವನ ಆಫೀಸಿನ ಸೃಜನ್, ಸೃಜನನ ಹೆಂಡತಿ ಕೃಪಾ. ಇಬ್ಬರೂ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆ ಮೈಸೂರಿನ ಹುಡುಗ ಯಾರಿಗೂ ಎದುರು ಮಾತಾಡುವವನಲ್ಲ. ಉಡುಪಿಯ ಕೃಪಾ ಮಾತ್ರ ಮನಸ್ಸಿನಲ್ಲಿದ್ದುದನ್ನು ನಾಲಿಗೆಯ ಹಿಂದೆ ಇಟ್ಟುಕೊಳ್ಳುವವಳಲ್ಲ. ದಾರಿಯುದ್ದಕ್ಕೂ ಅಣ್ಣ ಹಾಡುತ್ತ ಕಾರು ಓಡಿಸಿದ. ಅವನು ಹಾಗಿದ್ದಾಗ ಅವನಷ್ಟು ಒಳ್ಳೆಯ ಮನುಷ್ಯ ಇನ್ನೊಬ್ಬನಿಲ್ಲ ಎನಿಸುತ್ತದೆ, ನಿಮಗೂ ಎನಿಸಿದ್ದರಿಂದಲೇ ಅಲ್ಲವೇ ಮದುವೆಯಾದದ್ದು. ಚಿಕ್ಕಂದಿನಲ್ಲಿ ನಾನು ಸೈಕಲಿನಿಂದ ಬಿದ್ದು ಮೊಣಕಾಲು ತರಚಿಕೊಂಡಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮನೆವರೆಗೆ ಓಡಿದವನು ಅವನೇ.

ಹೋಟೆಲು ಗಾಜಿನದು. ಒಳಗೆ ತಿಳಿ ಬಣ್ಣದ ಮರದ ಉದ್ದನೆಯ ಕಟ್ಟೆ, ಅದರ ಹಿಂದೆ ತಲೆಗೆ ಬಟ್ಟೆ ಕಟ್ಟಿಕೊಂಡ ಅಡುಗೆಯವನು ಉದ್ದನೆಯ ಚಾಕುವಿನಿಂದ ಮೀನನ್ನು ಎಲೆಯಷ್ಟು ತೆಳ್ಳಗೆ ಕೊಯ್ಯುತ್ತಿದ್ದ. ನಾವು ಕಟ್ಟೆಯ ಮುಂದೆಯೇ ಸಾಲಾಗಿ ಕೂತೆವು. ಕಪ್ಪು ಕಲ್ಲಿನ ಹಲಗೆಗಳ ಮೇಲೆ ಅನ್ನದ ಉಂಡೆಗಳು ಬಂದವು. ನಾನು ಸೌತೆಕಾಯಿ ಇಟ್ಟದ್ದನ್ನು ತಿಂದೆ. ಅಣ್ಣ ಹಸಿ ಮೀನನ್ನೇ ತಿಂದ, ಅವ್ವನಿಗೆ ಇದು ಗೊತ್ತಿಲ್ಲ. ಪಕ್ಕದಲ್ಲಿ ಹಸಿರು ಚಟ್ನಿಯಂಥದರ ಸಣ್ಣ ಮುದ್ದೆ ಇತ್ತು, ವಸಾಬಿ ಅನ್ನುತ್ತಾರೆ. ಸೃಜನ್ "ಸ್ವಲ್ಪ ಹಾಕ್ಕೊಳ್ಳಿ ಹೇಮಂತ್, ಮೂಗಿಗೆ ಹೊಡೆಯತ್ತೆ" ಎಂದ. ಅಣ್ಣ "ಗುಂಟೂರು ಮೆಣಸಿನಕಾಯಿ ಉಂಡ ನಾಲಗಿಗೆ ಇದೇನ್ ಮಾಡ್ತದ" ಎಂದು ಇಡೀ ಮುದ್ದೆಯನ್ನೇ ಬಾಯಿಗೆ ಹಾಕಿಕೊಂಡ. ಮುಖ ಕೆಂಪಾಯಿತು, ಕಣ್ಣಲ್ಲಿ ಮೂಗಲ್ಲಿ ನೀರು, ಉಸಿರು ಸಿಗದೆ ಕಟ್ಟೆ ಬಡಿದ. ಕೃಪಾ ನಕ್ಕಳು. ನಾನೂ ನಕ್ಕೆ. ಅಡುಗೆಯವನೂ ತಲೆ ತಗ್ಗಿಸಿ ನಗುತ್ತಲೇ ನೀರು ಕೊಟ್ಟ. ಅಣ್ಣನೂ ನಕ್ಕ, ಆದರೆ ಬಾಯಷ್ಟೇ ನಕ್ಕದ್ದು. ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿಕೊಂಡು, ಅದನ್ನು ಮಡಿಕೆಗೆ ಮಡಿಕೆ ಕೂಡಿಸಿ ನಿಧಾನವಾಗಿ ಮಡಚಿ ಇಟ್ಟ.

ಆಗ ಕೃಪಾ, "ಕುಮುದಾ ಇದ್ದಿದ್ರೆ ಹೊಟ್ಟೆ ಹಿಡ್ಕೊಂಡು ನಗ್ತಿದ್ಳು. ಹೋದ ವಾರ ಫೋನಲ್ಲಿ ಸಿಕ್ಕಿದ್ಳು" ಎಂದಳು. ಅಣ್ಣ ಏನಂದಳು ಎಂದು ಕೇಳಿದ. ಕೈ ನೋಯ್ತಾ ಇದೆ ಅಂದ್ಳು ಎಂದಳು ಕೃಪಾ. ಮತ್ತೇನಂದಳು ಎಂದ. ಸೃಜನ್ ಅವಳತ್ತ ನೋಡಿ ಬೇಡ ಎನ್ನುವಂತೆ ಕಣ್ಣು ಮಾಡಿದ. ಆದರೆ ಅವಳಿಗೆ ಸುಳ್ಳು ಬರುವುದಿಲ್ಲ. "ಸದ್ಯಕ್ಕೆ ವಾಪಸ್ ಬರಲ್ಲ ಅಂದ್ಳು. ಕೈ ಹೇಗೆ ಮುರೀತು ಅಂತಾನೂ ಹೇಳಿದ್ಳು."

ಅಣ್ಣ ಕಟ್ಟೆಯ ಮೇಲಿದ್ದ ಅವಳ ಮಣಿಕಟ್ಟನ್ನು ಹಿಡಿದುಕೊಂಡ. ಸ್ನೇಹದಿಂದ ಹಿಡಿದನೆಂದೇ ನಾನು ತಿಳಿದೆ. ಹಿಡಿತ ಬಿಗಿಯಾಯಿತು, ನಂತರ ತಿರುವಿದ. ಅವಳ ಗಾಜಿನ ಬಳೆಗಳು ಒಡೆದು ಚರ್ಮದೊಳಗೆ ಹೋದವು. ಧ್ವನಿ ಏರಿಸದೆ "ನಮ್ಮ ಮನಿ ಮಾತು ನಿನ್ನ ಬಾಯಾಗ ಯಾಕ ಬಂತು" ಎಂದು ಕೇಳಿದ. ಸೃಜನ್ ಎದ್ದು "ಕೈ ಬಿಡಿ ಹೇಮಂತ್" ಎನ್ನುತ್ತ ಅವನ ಭುಜ ಮುಟ್ಟಿದ. ಅಷ್ಟೇ ವೈನಿ, ಬರೀ ಮುಟ್ಟಿದ. ಅಣ್ಣ ಇನ್ನೊಂದು ಕೈಯಿಂದ ಕಲ್ಲಿನ ಹಲಗೆ ಎತ್ತಿ ಅವನ ಮುಖಕ್ಕೆ ಬೀಸಿದ. ಒಗೆಯುವ ಬಂಡೆಗೆ ಒದ್ದೆ ಬಟ್ಟೆ ಅಪ್ಪಳಿಸಿದಂಥ ಸಪ್ಪಳ. ಸೃಜನ್ ಕುರ್ಚಿಯನ್ನು ಕೆಡವಿಕೊಂಡು ಹಿಂದಕ್ಕೆ ಬಿದ್ದ. ಅಣ್ಣ ಅವನ ಎದೆಯ ಮೇಲೆ ಮಂಡಿ ಊರಿ ಹಲಗೆಯ ಅಂಚಿನಿಂದ ಮತ್ತೆ ಹೊಡೆದ. ಕಲ್ಲು ಕೈಯಲ್ಲೇ ಎರಡು ಹೋಳಾಯಿತು. ಹೋಳು ಬಿಸಾಕಿ ಮುಷ್ಟಿಯಿಂದ ಗುದ್ದತೊಡಗಿದ. ಸೃಜನ್ ಕೈ ಅಡ್ಡ ಹಿಡಿಯುವುದನ್ನೂ ಬಿಟ್ಟಿದ್ದ. ಚೆಲ್ಲಿದ ಬಿಳಿ ಅನ್ನ ಅವನ ಕೆನ್ನೆಯ ರಕ್ತಕ್ಕೆ ಅಂಟಿಕೊಂಡಿತ್ತು. ಪಕ್ಕದವರು ಮಗುವನ್ನು ಎತ್ತಿಕೊಂಡು ಹೊರಗೆ ಓಡಿದರು.

ನಾನು ಹಿಂದಿನಿಂದ ಅಣ್ಣನ ಕಾಲರ್ ಹಿಡಿದು ಎಳೆದೆ. ಅವನು ತಿರುಗಿ ನನ್ನ ಜಡೆಯನ್ನು ಕೈಗೆ ಸುತ್ತಿಕೊಂಡು ನನ್ನ ಹಣೆಯನ್ನು ಕಟ್ಟೆಯ ಅಂಚಿಗೆ ಬಡಿದ. ಮತ್ತೊಮ್ಮೆ ಬಡಿದ. ಕಣ್ಣಿಗೆ ರಕ್ತ ಇಳಿಯುವ ಮೊದಲು ಅವನ ಮುಖ ನೋಡಿದೆ. ಅಲ್ಲಿ ಸಿಟ್ಟಿರಲಿಲ್ಲ. ಗೋಡೆಗೆ ಮೊಳೆ ಹೊಡೆಯುವವನ ಮುಖದಲ್ಲಿರುತ್ತದಲ್ಲ, ಅಂಥ ಗಮನವಿತ್ತು. ನೀವು ಆ ಮುಖವನ್ನು ನೋಡಿದ್ದೀರಿ ಎಂದು ಈಗ ನನಗೆ ಗೊತ್ತು. ಆ ಅಡುಗೆಯವನು ಮೊದಲು ಚಾಕುಗಳನ್ನೆಲ್ಲ ಒಳಗಿನವರ ಕೈಗೆ ದಾಟಿಸಿ, ಆಮೇಲೆ ಬರಿಗೈಯಲ್ಲಿ ಕಟ್ಟೆ ಹಾರಿ ಬಂದ. ಅವನೂ ಇಬ್ಬರು ವೇಟರುಗಳೂ ಸೇರಿ ಅಣ್ಣನನ್ನು ನೆಲಕ್ಕೆ ಕೆಡವಿ ಒತ್ತಿ ಹಿಡಿದರು. ಕೆನ್ನೆ ನೆಲಕ್ಕೆ ಒತ್ತಿಕೊಂಡೇ ಅಣ್ಣ ನನ್ನನ್ನು ನೋಡಿ ಅಂದ: "ನೋಡು, ನನ್ನ ಕೈಲೆ ಏನ್ ಮಾಡಿಸಿದ್ರಿ."

ಆಸ್ಪತ್ರೆಯಲ್ಲಿ ಕೃಪಾ, "ಕೈ ಮುರಿದ ದಿನ ಕುಮುದಾಗೂ ಇದೇ ಮಾತು ಹೇಳಿದ್ನಂತೆ" ಎಂದಳು. ಅಷ್ಟರಲ್ಲಿ ಅಪ್ಪ ಬಂದರು. ನನ್ನ ಹಣೆಗೆ ಹೊಲಿಗೆ ಹಾಕುತ್ತಿದ್ದ ಡಾಕ್ಟರಮ್ಮ ಏನಾಯಿತೆಂದು ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹಿಂದಿಯಲ್ಲಿ, ಮಗಳು ಕಾಲು ಜಾರಿ ಬಿದ್ದಳು ಎಂದರು. ಎಷ್ಟು ಸರಾಗವಾಗಿ ಅಂದರು ವೈನಿ. ಒಂದು ಕ್ಷಣವೂ ತಡವರಿಸಲಿಲ್ಲ. ನಿಮ್ಮ ಬಚ್ಚಲಿನ ಕಥೆ ಹುಟ್ಟಿದ್ದು ಹೇಗೆಂದು ಆ ಹೊಲಿಗೆಯ ಮೇಜಿನ ಮೇಲೆ ತಿಳಿಯಿತು. ನಾನು ಸೂಜಿ ಚರ್ಮದಲ್ಲಿರುವಾಗಲೇ, ಜಾರಿ ಬಿದ್ದದ್ದಲ್ಲ, ನಮ್ಮ ಅಣ್ಣ ಹೊಡೆದದ್ದು, ಹಾಗೆಯೇ ಬರೆಯಿರಿ ಎಂದೆ. ಅಪ್ಪ ಹೊರಗೆ ಹೋಗಿ ನಿಂತರು.

ಸೃಜನನ ಕೆನ್ನೆಯ ಎಲುಬು ಪುಡಿಯಾಗಿದೆ. ಸೋಮವಾರ ಆಪರೇಷನ್ ಆಯಿತು. ಎಡಗಣ್ಣಿಗೆ ನೋಟ ಮರಳುವ ಭರವಸೆ ಡಾಕ್ಟರು ಕೊಡಲಿಲ್ಲ. ಅವನ ತಾಯಿ ಮೈಸೂರಿನಿಂದ ಬಂದು ಮಂಚದ ಪಕ್ಕ ಕೂತಿದ್ದಾರೆ, ನನ್ನನ್ನು ಕಂಡರೆ ಮುಖ ಆ ಕಡೆ ಮಾಡುತ್ತಾರೆ. ಮಾಡಲಿ.

ಭಾನುವಾರ ಸಂಜೆಯೇ ಕೃಪಾಳ ಜೊತೆ, ಅಣ್ಣನನ್ನು ಹಿಡಿದು ಇಟ್ಟಿದ್ದ ಪೊಲೀಸ್ ಠಾಣೆಗೆ ಹೋಗಿ ಹೇಳಿಕೆ ಕೊಟ್ಟೆ. ಇನ್ಸ್‌ಪೆಕ್ಟರ್ ತೆಲುಗಿನಲ್ಲಿ, ಸ್ವಂತ ಅಣ್ಣನಲ್ಲವೇನಮ್ಮಾ, ಇನ್ನೊಮ್ಮೆ ಯೋಚನೆ ಮಾಡು ಎಂದರು. ಯೋಚಿಸಿಯೇ ಬಂದಿದ್ದೇನೆ ಎಂದು ಸಹಿ ಮಾಡಿದೆ. ಗೇಟಿನಲ್ಲಿ ಅಪ್ಪ ಕಾಯುತ್ತಿದ್ದರು. "ಮನಿ ಮರ್ಯಾದಿ ಬಜಾರದಾಗ ಇಟ್ಟಿ" ಎಂದರು. ನನ್ನ ಹಣೆಯ ಪಟ್ಟಿಯ ಕಡೆ ಒಮ್ಮೆಯೂ ನೋಡಲಿಲ್ಲ. ಅವರ ಜೊತೆ ಒಂದೇ ಆಟೋದಲ್ಲಿ ಮನೆಗೆ ಬಂದೆ.

ನಿನ್ನೆ ಸಂಜೆ ಅಣ್ಣನಿಗೆ ಜಾಮೀನು ಸಿಕ್ಕಿತು. ಬಾಗಿಲಲ್ಲಿ ಅವ್ವ ನಿವಾಳಿಸಿ ಒಳಗೆ ಕರೆದುಕೊಂಡಳು, ಮೊಸರನ್ನ ಕಲಸಿ ಕೊಟ್ಟಳು. ಉಂಡು ಕೈತೊಳೆದು ನನ್ನ ಕೋಣೆಗೆ ಬಂದ. ನಾನು ಮೇಜಿನ ಮೇಲಿದ್ದ ಕತ್ತರಿಯನ್ನು ದಿಂಬಿನ ಕೆಳಗೆ ತಳ್ಳಿ ಅದರ ಮೇಲೆ ಕೈ ಇಟ್ಟುಕೊಂಡೆ. ನನ್ನ ಹಣೆಯ ಪಟ್ಟಿಯನ್ನು ಬೆರಳ ತುದಿಯಿಂದ ಮುಟ್ಟಿ, "ನೋಯಾಕತ್ತೈತೇನ ತಂಗಿ?" ಎಂದ. ಅವನ ಕಣ್ಣಲ್ಲಿ ನೀರಿತ್ತು. ಅದು ನಿಜವಾದ ನೀರೇ. ಕಲ್ಲಿನ ಹಲಗೆಗಿಂತ ಆ ಕಣ್ಣೀರಿಗೆ ನಾನು ಹೆಚ್ಚು ಹೆದರಿದೆ. ಆ ಕಣ್ಣೀರು ನೋಡಿದವರು ಮತ್ತೆ ಅವನ ಪಕ್ಕದಲ್ಲೇ ಕೂತು ಊಟ ಮಾಡುತ್ತಾರೆ.

ಅವ್ವನ ಲೆಕ್ಕಾಚಾರ ಬೇರೆ. "ಹೆಂಡತಿ ಮನ್ಯಾಗಿಲ್ಲ, ಅದಕ್ಕ ತಲಿ ಕೆಟ್ಟೈತಿ. ಕುಮುದಾ ಬಂದ್ರ ಎಲ್ಲಾ ಸರಿ ಹೋಗ್ತದ." ವಕೀಲ ನರಹರಿಯವರೂ, ಹೆಂಡತಿ ಜೊತೆಯಲ್ಲಿದ್ದರೆ ಕೋರ್ಟಿನಲ್ಲಿ ಚೆಂದ ಕಾಣುತ್ತದೆ ಎಂದಿದ್ದಾರೆ. ನೀವು ಬಂದರೆ ಯಾರಿಗೆ ಏನು ಸರಿ ಹೋಗುತ್ತದೋ ನಾನು ಬಲ್ಲೆ. ಮುಂದಿನ ಸಲ ಕಲ್ಲಿನ ಹಲಗೆ ಇರುವುದು ನಮ್ಮ ಅಡುಗೆಮನೆಯಲ್ಲಿ. ಅಲ್ಲಿ ಕಟ್ಟೆ ಹಾರಿ ಬರುವವರು ಯಾರೂ ಇಲ್ಲ.

ನಾನೂ ಈ ಮನೆ ಬಿಡುತ್ತಿದ್ದೇನೆ. ನಾರಾಯಣಗುಡದಲ್ಲಿ ಕೆಲಸದ ಹೆಂಗಸರ ಹಾಸ್ಟೆಲ್ಲಿನಲ್ಲಿ ಜಾಗ ಹೇಳಿ ಇಟ್ಟಿದ್ದೇನೆ. ಸೃಜನನ ಪ್ರಕರಣದಲ್ಲಿ ಸಾಕ್ಷಿ ಹೇಳುತ್ತೇನೆ. ನಿಮ್ಮ ಕೈಯ ವಿಷಯ ಹೇಳುವುದು ಬಿಡುವುದು ನಿಮಗೆ ಸೇರಿದ್ದು, ನಾನು ಒತ್ತಾಯಿಸುವುದಿಲ್ಲ.

ನಿಮ್ಮ ಅವ್ವನ ಕಾಲಿಗೆ ನನ್ನ ನಮಸ್ಕಾರ ತಿಳಿಸಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಕೈಗೆ ಭಾರ ಹಾಕಬೇಡಿ. ನೀವು ಎಲ್ಲಿದ್ದರೂ ನನಗೆ ವೈನಿಯೇ.

ನಿಮ್ಮ ನಾದಿನಿ,
ಸಂಪದಾ

ತಾ.ಕ.: ಕಾಗದ ಮಡಚುವಷ್ಟರಲ್ಲಿ ಅಪ್ಪ ಪಡಸಾಲೆಯಲ್ಲಿ ನಿಮ್ಮ ಅಪ್ಪನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದುದು ಕೇಳಿಸಿತು. ನಾಳೆ, ಗುರುವಾರ ಬೆಳಿಗ್ಗೆ, ಅಪ್ಪ ಮತ್ತು ಅಣ್ಣ ಕಾರು ತೆಗೆದುಕೊಂಡು ನಿಮ್ಮನ್ನು ಕರೆದುಕೊಂಡು ಬರಲು ಹೊರಡುತ್ತಾರೆ. ನಿಮ್ಮ ಅಪ್ಪ ಒಪ್ಪಿದ್ದಾರೆ, ನಿಮಗೆ ಹೇಳಬಾರದೆಂದೂ ಮಾತಾಗಿದೆ. ಶಿವದೇವಿ ಮದುವೆಯ ಕರೆಯೋಲೆ ಕೊಡಲು ಬಂದವಳಂತೆ ಈಗ ನಿಮ್ಮೆದುರು ಕೂತಿರುತ್ತಾಳೆ. ಈಗಷ್ಟೇ ಫೋನಿನಲ್ಲಿ ಅವಳಿಗೆ ಎಲ್ಲ ಹೇಳಿದ್ದೇನೆ. ಗುಲ್ಬರ್ಗಾದಲ್ಲಿ ಅವಳ ಕ್ವಾರ್ಟರ್ಸಿನಲ್ಲಿ ನಿಮಗೆ ಜಾಗ ಇದೆ, ಶನಿವಾರ ನಾನೂ ಅಲ್ಲಿಗೆ ಬರುತ್ತೇನೆ. ಗೆಳತಿಯ ಜೊತೆ ಗುಡಿಗೆ ಹೋಗಿ ಬರುತ್ತೇನೆ ಎಂದು ಹೇಳಿ ಎದ್ದುಬಿಡಿ. ಬಟ್ಟೆ ತುಂಬಿಕೊಳ್ಳಬೇಡಿ, ಚೀಲ ಕಂಡರೆ ಕೇಳುತ್ತಾರೆ. ಉಟ್ಟ ಸೀರೆಯಲ್ಲೇ, ಈಗಲೇ.