ರಘುವಿಗೆ ಕುಡಿಸಿದ ತೀರ್ಥ

ಜೂನ್ 9, ಸೋಮವಾರ

ಕಣಕಟ್ಟೆ ಸ್ಕೂಲಿಂದ ಬರುವಾಗ ಬಸ್ಸಲ್ಲಿ ಸೀಟಿಲ್ಲ, ಅರಸೀಕೆರೆವರೆಗೂ ನಿಂತೇ ಬಂದೆ. ಇವತ್ತು ಒಂಬತ್ತನೇ ಕ್ಲಾಸಿಗೆ ಬಿಳಿ ರಕ್ತಕಣದ ಪಾಠ ಮಾಡಿದೆ. ಮನೆಯಲ್ಲಿ ಅಮ್ಮ — "ಏ ಇವಳೇ, ಸಾರಿಗೆ ಉಪ್ಪು ಕಮ್ಮಿ." ಇಡೀ ದಿನಕ್ಕೆ ಅದೊಂದೇ ಮಾತು.

ತಂಗಿ ಚಿತ್ರಾ ಫೋನ್ ಮಾಡಿದ್ದಳು. ಅವಳ ಮೊಮ್ಮಗ ವೇದಾಂತ್‌ಗೆ ಮತ್ತೆ ನ್ಯುಮೋನಿಯಾ. ಹತ್ತು ತಿಂಗಳ ಕೂಸು, ಇದು ಮೂರನೇ ಸಲ.

ಜೂನ್ 12

ಚಿತ್ರಾ ಮಗಳು, ವೇದಾಂತ್‌ನ ತಾಯಿ ಹಿತಾ ಕೇಳಿದಳು, "ದೊಡ್ಡಮ್ಮ, ನಮ್ಮ ಕಡೆ ಗಂಡುಮಕ್ಕಳು ಚಿಕ್ಕವಯಸ್ಸಲ್ಲೇ ಹೋಗಿದ್ರಾ? ಡಾಕ್ಟರ್ ಕೇಳ್ತಿದಾರೆ."

ರಘು. ನನ್ನ ತಮ್ಮ. ಈ ಮನೆಯಲ್ಲಿ ಆ ಹೆಸರೆತ್ತಿ ನಲವತ್ತಮೂರು ವರ್ಷ. ಆಗ ಬೇಲೂರಲ್ಲಿದ್ದೆವು. ನನಗೆ ಹತ್ತು, ಅವನಿಗೆ ನಾಲ್ಕು. ಸದಾ ಕಿವಿ ಸೋರುತ್ತಿತ್ತು, ಕೆಮ್ಮು. ನನ್ನ ಸ್ಕೂಲ್ ಟೂರಿಗೆ ಅಳುತ್ತಾ ಬೆನ್ನು ಹತ್ತಿದ, ಕರಕೊಂಡು ಹೋದೆ. ಹಳೇಬೀಡಲ್ಲಿ ಶಿವನ ಗುಡಿಯ ತೀರ್ಥ ಕುಡಿಸಿದೆ. ನಾವೋ ಕೇಶವನ ಸೇವೆಯ ಅಯ್ಯಂಗಾರರು, ಆ ಹೊಸ್ತಿಲು ತುಳಿಯುವಂತಿರಲಿಲ್ಲ. ವಾರಕ್ಕೆ ನ್ಯುಮೋನಿಯಾ. ಹೋದ. "ನೀನೇ ಕೊಂದೆ" — ಅಮ್ಮ ಅಂದದ್ದು ಒಂದೇ ಸಲ. ಆಮೇಲೆ ನನ್ನ ಹೆಸರು ಹಿಡಿದು ಕರೆದಿಲ್ಲ. ನಾನು ಯಾರ ಮಗುವನ್ನೂ ಎತ್ತಿಕೊಂಡಿಲ್ಲ.

ಹಿತಾಗೆ ಕಿವಿ, ಕೆಮ್ಮು ಹೇಳಿದೆ. ತೀರ್ಥ ಹೇಳಲಿಲ್ಲ.

ಜುಲೈ 21

ಮಗುವಿನ ರಿಪೋರ್ಟ್ ಬಂತು. ಬಿಟಿಕೆ ಅಂತ ಒಂದು ಪ್ರೋಟೀನ್ ಕೈನೇಸ್, ಕಣದೊಳಗೆ ಸನ್ನೆ ದಾಟಿಸೋ ಕಿಣ್ವ, ಅದು ಕೆಟ್ಟಿದೆ. ಆಂಟಿಬಾಡಿ ಮಾಡೋ ಬಿಳಿ ರಕ್ತಕಣ, ಬಿ ಕಣ, ಬೆಳೆಯೋಕೆ ಅದರ ಸನ್ನೆ ಬೇಕು. ಇಲ್ಲದಿದ್ದರೆ ಮೂಳೆಮಜ್ಜೆಯಲ್ಲೇ ಎಳೆಯದಾಗಿ ನಿಂತುಬಿಡುತ್ತೆ, ಆಂಟಿಬಾಡಿಯೇ ಆಗಲ್ಲ. ಇಪ್ಪತ್ತೆಂಟು ವರ್ಷ ಪಾಠ ಮಾಡಿದೆ, ಇಷ್ಟು ಗೊತ್ತಿರಲಿಲ್ಲ ನೋಡು. ತಿಂಗಳಿಗೊಮ್ಮೆ ಆಂಟಿಬಾಡಿ ಡ್ರಿಪ್ ಹಾಕಿಸಿದರೆ ಮಗು ಚೆನ್ನಾಗಿರುತ್ತಂತೆ.

ರಘುವಿಗೂ ಇದೇ ಇದ್ದಿರಬೇಕಂತೆ. ತೀರ್ಥ ಅಲ್ಲ. ನಾನಲ್ಲ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆಮೇಲೆ ಹೊಳೆಯಿತು. ಇದು ತಾಯಿಯಿಂದ ಬರೋದು; ಹೆಣ್ಣುಮಕ್ಕಳು ಹೊತ್ತಿರ್ತಾರಷ್ಟೇ, ಅವರಿಗೆ ಏನೂ ಆಗಲ್ಲ, ಕಾಯಿಲೆ ಬೀಳೋದು ಗಂಡುಮಕ್ಕಳು. ವೇದಾಂತ್‌ಗೆ ಹಿತಾಳಿಂದ, ಅವಳಿಗೆ ಚಿತ್ರಾಳಿಂದ. ಚಿತ್ರಾಗೆ, ರಘುವಿಗೆ... ಅಮ್ಮನಿಂದ.

ಜುಲೈ 22

ಅಮ್ಮನಿಗೆ ಎಂಬತ್ತೊಂದು. ಹೇಳಿದರೆ ನನಗೆ ಬಿಡುಗಡೆ, ಅವಳಿಗೆ ಸೆರೆ. ಹೇಳದಿದ್ದರೆ ಕೊಂದವಳ ಕೈಯಡುಗೆ ಉಣ್ಣುತ್ತಲೇ ಹೋಗ್ತಾಳೆ. ಕೋಪ ಬರುತ್ತೆ. ಬರಲಿ.

ಆಗಸ್ಟ್ 3, ಭಾನುವಾರ, ಸಂಜೆ 5

ಹಿತಾ ಬಂದವಳೇ ಮಗುವನ್ನು ನನ್ನ ಮಡಿಲಿಗೆ ಹಾಕಿದಳು. ಪರವಾಗಿಲ್ಲ, ಭಾರ ಇದಾನೆ. ಅಮ್ಮ ನೋಡುತ್ತಿದ್ದಳು.

"ಯಾರ ಕಡೆಯಿಂದ ಬಂತಂತೆ ಇದು?"

ನಾಲಿಗೆ ತುದಿಗೇ ಬಂದಿತ್ತು.

"ಯಾರ ಕಡೆಯಿಂದಲೂ ಅಲ್ಲಮ್ಮ. ಕೆಲವರಿಗೆ ಹಾಗೇ ಬಂದುಬಿಡುತ್ತಂತೆ."

ಹಿತಾ ನನ್ನ ಮುಖ ನೋಡಿ, ಮಗುವಿನ ಅಂಗಿ ಸರಿಮಾಡಿದಳು.

"ರಘೂಗೂ ಇದೇನಾ?" ಅಮ್ಮ ಕೇಳಿದಳು.

"ಹೂಂ."

ಎದ್ದು, ಗೋಡೆ ಹಿಡಿದು ಅಡುಗೆಮನೆಗೆ ಹೋದಳು. ಇದನ್ನು ಬರೆಯುತ್ತಿರುವಾಗಲೇ ಕರೆಯುತ್ತಿದ್ದಾಳೆ. "ಏ ಇವಳೇ" ಅಲ್ಲ, ನನ್ನ ಹೆಸರು.

"ವೇದಾ... ವೇದವಲ್ಲಿ, ಸಾರಿಗೆ ಉಪ್ಪು ನಾನೇ ಹಾಕ್ತೀನಿ, ಬಾ."